ಕಿಲೋಮೀಟರ್ ನಂಬಿ ಹೊರಡಬೇಡಿ: ಗಂಗಾವತಿಯಿಂದ ಕಡಲು, ಘಟ್ಟ ಸುತ್ತಿ ಬಂದ ಒಂಬತ್ತು ದಿನ

ದಸರೆಗೆ ಮೂರು ವಾರ ಮೊದಲು ನಮ್ಮ ಯಜಮಾನರು ಒಂದು ಹಾಳೆಯಲ್ಲಿ ಪ್ರವಾಸದ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ದಾಂಡೇಲಿ, ಅಣಶಿ, ಕಾರವಾರ, ಗೋಕರ್ಣ, ಯಾಣ, ಜೋಗ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಮಂಗಳೂರು, ಕುದುರೆಮುಖ, ಶೃಂಗೇರಿ, ಆಗುಂಬೆ. ಎಲ್ಲ ಸೇರಿ ಆರು ದಿನ. ಗಂಗಾವತಿಯಿಂದ ಹುಬ್ಬಳ್ಳಿಯ 160 ಕಿಲೋಮೀಟರನ್ನು ಮೂರು ತಾಸಿನಲ್ಲಿ ಮುಟ್ಟುವ ಮನುಷ್ಯ ಅವರು. ದಿನಕ್ಕೆ 250 ಕಿಲೋಮೀಟರ್ ಅವರಿಗೆ ಲೆಕ್ಕಕ್ಕೇ ಇಲ್ಲ.

ನಮ್ಮ ಶಾಲೆಯಲ್ಲಿ ಶಿರಸಿ ಕಡೆಯಿಂದ ಮದುವೆಯಾಗಿ ಬಂದ ಶಿಕ್ಷಕಿಯೊಬ್ಬರಿದ್ದಾರೆ. ಪಟ್ಟಿಯ ಫೋಟೊ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಇದರಲ್ಲಿ ಮಲಗುವುದು ಯಾವಾಗ, ಟೀಚರ್?" ಆಮೇಲೆ ಪೆನ್ನು ತೆಗೆದುಕೊಂಡು ದಾಂಡೇಲಿ, ಅಣಶಿ, ಯಾಣ, ಜೋಗ, ಕೊಲ್ಲೂರು, ಆಗುಂಬೆಗಳಿಗೆ ಅಡ್ಡಗೆರೆ ಎಳೆದು, ಉಳಿದದ್ದಕ್ಕೆ ಎಂಟು ದಿನ ಬರೆದರು. ಹಾಗೂ ನಮಗೆ ಒಂಬತ್ತು ದಿನ ಹಿಡಿಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಈ ದಾರಿಯಲ್ಲಿ ಹೊರಡುವುದಾದರೆ ನನ್ನ ಮೊದಲ ಮಾತು ಇಷ್ಟೇ. ನಮ್ಮ ಬಯಲಿನ ರಸ್ತೆಯ ಲೆಕ್ಕವನ್ನು ಹುಬ್ಬಳ್ಳಿಯಲ್ಲೇ ಬಿಟ್ಟುಹೋಗಿ. ಘಟ್ಟದಲ್ಲಿ ಮೊಬೈಲ್ ತೋರಿಸುವ ವೇಳೆಗೆ ಅದರ ಅರ್ಧದಷ್ಟನ್ನು ಕೂಡಿಸಿಕೊಳ್ಳಿ. ಮಕ್ಕಳಿದ್ದರೆ ವಾಂತಿಗೆಂದು ನಿಲ್ಲಿಸುವ ಸಮಯ ಬೇರೆ.

ಆಯುಧಪೂಜೆಗೆ ಕಾರಿಗೆ ಕಟ್ಟಿದ ಬಾಳೆಕಂದು ಇನ್ನೂ ಹಸಿರಾಗಿದ್ದಾಗಲೇ ಹೊರಟೆವು. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಮೈದುನ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ. ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಯಲ್ಲಾಪುರದಲ್ಲಿ ಒಂದು ರಾತ್ರಿ ಉಳಿಯಿರಿ. ಅನೇಕರು ಅದನ್ನು ಚಹಾ ಕುಡಿಯುವ ಊರು ಎಂದು ದಾಟಿಬಿಡುತ್ತಾರೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಮಾಗೋಡು ಜಲಪಾತವಿದೆ. ಬೇಡ್ತಿ ನದಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ನೀರಿಗೆ ಇಳಿಯುವಂತಿಲ್ಲ, ದೂರದಿಂದ ನೋಡಬೇಕು. ಹಾಗಾಗಿ ಮಕ್ಕಳನ್ನು ಹಿಡಿದು ಕೂರಿಸುವ ಗೋಳು ಕಡಿಮೆ. ಸಂಜೆ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹೋಗಿ ಸೂರ್ಯಾಸ್ತ ನೋಡಿ ಬರಬಹುದು. ಇದೇ ಬೇಡ್ತಿ ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಮರುದಿನ ಅಂಕೋಲಾ ಕಡೆ ಇಳಿಯುವಾಗ ಅದು ಜೊತೆಗೇ ಬರುತ್ತದೆ.

ಅರಬೈಲ್ ಘಟ್ಟವನ್ನು ಬೆಳಿಗ್ಗೆಯೇ ಇಳಿಯಿರಿ. ಲಾರಿಗಳ ಸಾಲು ಉದ್ದ. ನಮ್ಮ ಯಜಮಾನರು ಮೊದಲ ನಾಲ್ಕು ತಿರುವುಗಳಲ್ಲಿ ಬ್ರೇಕನ್ನೇ ಒತ್ತಿಕೊಂಡು ಇಳಿದರು. ಸುಟ್ಟ ವಾಸನೆ ಬಂದ ಮೇಲೆ ಗಾಡಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ನಿಂತೆವು. ಏರುವಾಗ ಯಾವ ಗೇರ್ ಹಾಕುತ್ತೀರೋ ಇಳಿಯುವಾಗಲೂ ಅದೇ ಗೇರ್ ಎಂದು ಪಕ್ಕದಲ್ಲಿ ನಿಂತಿದ್ದ ಲಾರಿ ಚಾಲಕರು ಹೇಳಿಕೊಟ್ಟರು. ಇದು ಬಯಲುಸೀಮೆಯ ಚಾಲಕರೆಲ್ಲ ಹೊರಡುವ ಮೊದಲೇ ಕಲಿಯಬೇಕಾದ ಪಾಠ.

ಮಳೆಗಾಲದಲ್ಲಿ ಈ ಪ್ರವಾಸ ಬೇಡವೇ ಬೇಡ ಎನ್ನುವುದಕ್ಕೆ ಕಾರಣ ಅಂಕೋಲಾದ ಬಳಿಯೇ ಇದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದು ನೆನಪಿರಬಹುದು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಅದೇ ವಾರ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಕೊಂಡು ಹೋಗಿತ್ತಾದ್ದರಿಂದ ನಮ್ಮ ಮನೆಯಲ್ಲಿ ಸೇತುವೆಯ ಸುದ್ದಿಗೆ ಕಿವಿಗೊಟ್ಟವರೇ ಇಲ್ಲ. ಮುರಿದ ಜಾಗ ಎಲ್ಲಿ ಎಂದು ಮೈದುನ ಕೇಳಿದಾಗಲೇ ಎಲ್ಲರಿಗೂ ನೆನಪಾದದ್ದು.

ಕಾರವಾರ ಆರಾಮದ ಊರು. ಸಮುದ್ರ ಮೊದಲ ಸಲ ನೋಡುವವರಿಗೆ ಗೋಕರ್ಣಕ್ಕಿಂತ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಮ್ಮ ಅತ್ತೆ ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕಡಲು ನೋಡಿದರು. ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ನೀರಿದ್ದರೂ ಒಂದು ಗದ್ದೆಗೂ ಬಾರದಲ್ಲ ತಮ್ಮಾ" ಎಂದು ಮಗನಿಗೆ ಹೇಳಿದರು. ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ತರುಣನಾಗಿ ಬಂದು ಉಳಿದಿದ್ದರು. ದಡದಲ್ಲೇ ಐಎನ್‌ಎಸ್ ಚಪಲ್ ಎಂಬ ಹಳೆಯ ಕ್ಷಿಪಣಿ ನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸಲು ಗಂಟೆ ಬೇಕಾಯಿತು.

ದಾಂಡೇಲಿ ಕೈಬಿಟ್ಟದ್ದಕ್ಕೆ ಮೈದುನ ಕಾರವಾರದವರೆಗೂ ಮುಖ ಊದಿಸಿಕೊಂಡಿದ್ದ. ಆದರೆ ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ ಆಗಿರುವ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಬೇರೆಯೇ ಮೂರು ದಿನ ಇಡಬೇಕು. ಕುಳಗಿಯ ಕಡೆ ಸಫಾರಿ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಡೆಯುವ ರ‍್ಯಾಫ್ಟಿಂಗ್, ಇವೆಲ್ಲ ದಾರಿಯಲ್ಲಿ ಮುಟ್ಟಿಹೋಗುವಂಥವಲ್ಲ.

ಗೋಕರ್ಣದಲ್ಲಿ ನಾವು ಮೋಸಹೋದೆವು. ಮೊಬೈಲಿನಲ್ಲಿ ಕಾಯ್ದಿರಿಸಿದ ಹೋಮ್‌ಸ್ಟೇ ಚಿತ್ರದಲ್ಲಿ ಕಿಟಕಿಯಿಂದಲೇ ಕಡಲು ಕಾಣುತ್ತಿತ್ತು. ಹೋಗಿ ನೋಡಿದರೆ ಓಣಿಯ ಹಿಂಬದಿಯ ಕೋಣೆ, ಕಿಟಕಿಗೆ ಎದುರು ಮನೆಯ ನೀರಿನ ಟ್ಯಾಂಕು. ಚಿತ್ರ ಮಹಡಿಯದಂತೆ! ಮುಂಗಡ ಹಿಂತಿರುಗಿಸಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಊರಿನಲ್ಲೂ ಹಣ ಹಾಕುವ ಮೊದಲು ವಿಡಿಯೊ ಕರೆ ಮಾಡಿ ನಮಗೆ ಕೊಡುವ ಕೋಣೆಯನ್ನೇ ತೋರಿಸಿ ಎಂದೆವು. ತೋರಿಸಲು ಹಿಂದೆಗೆದವರನ್ನು ಬಿಟ್ಟೆವು. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ ಚೀಲದ ಮೇಲ್ಭಾಗದಲ್ಲೇ ಇರಲಿ. ಉಡುಪಿ, ಶೃಂಗೇರಿಗೂ ಅವೇ ಬೇಕು. ಕುಡ್ಲೆ, ಓಂ ಬೀಚುಗಳು ಚೆಲುವಾಗಿವೆ. ಆದರೆ ಅಲ್ಲಿಯ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯವರಿಗೆ ನಾಲೆಯಲ್ಲಿ ಈಜಿ ಗೊತ್ತು. ನಾಲೆಯ ಈಜು ಕಡಲಿಗೆ ಸಾಲುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ನಾನು ಶಿಕ್ಷಕಿ, ಆ ಸುದ್ದಿ ಓದಿದ ದಿನ ಊಟ ಸೇರಿರಲಿಲ್ಲ. ಜೀವರಕ್ಷಕರು ಸೀಟಿ ಊದಿದರೆ ಮರುಮಾತಿಲ್ಲದೆ ಹಿಂದೆ ಬನ್ನಿ. ಮುರ್ಡೇಶ್ವರದಲ್ಲಿ ನಮ್ಮ ಮಕ್ಕಳನ್ನು ಮೊಣಕಾಲಿಗಿಂತ ಮುಂದೆ ಬಿಡಲಿಲ್ಲ. 123 ಅಡಿಯ ಶಿವನನ್ನೂ, ಲಿಫ್ಟಿನಲ್ಲಿ ಏರುವ 20 ಅಂತಸ್ತಿನ ಗೋಪುರವನ್ನೂ ತೋರಿಸಿ ಸಮಾಧಾನ ಮಾಡಿದೆವು.

ಮುರ್ಡೇಶ್ವರದಿಂದ ಉಡುಪಿಗೆ ಹೋಗುವಾಗ ಮರವಂತೆಯಲ್ಲಿ ನಿಧಾನಿಸಿ. ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಕಾರು ನಿಲ್ಲಿಸುವಾಗ ಮಾತ್ರ ಹಿಂದಿನ ವಾಹನ ನೋಡಿಕೊಳ್ಳಿ, ಅದು ಹೆದ್ದಾರಿ.

ಉಡುಪಿಯಲ್ಲಿ ಎರಡು ರಾತ್ರಿ ಇಟ್ಟದ್ದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲೆಂದು. ಲಾವಾ ತಣ್ಣಗಾಗಿ ಕಂಬಗಳಂತೆ ಒಡೆದ ಕಲ್ಲುಗಳನ್ನು ಮಕ್ಕಳಿಗೆ ತೋರಿಸುವ ಆಸೆ ನನ್ನದು. ಗಾಳಿ ಹೆಚ್ಚಿದೆ ಎಂದು ಆ ದಿನ ದೋಣಿಯೇ ಬಿಡಲಿಲ್ಲ. ಮಳೆಗಾಲದ ತಿಂಗಳುಗಳಲ್ಲಂತೂ ದೋಣಿ ಇರುವುದೇ ಇಲ್ಲ. ದ್ವೀಪವೇ ಮುಖ್ಯವಾದರೆ ನವೆಂಬರ್ ದಾಟಿದ ಮೇಲೆ ಬನ್ನಿ. ಕೃಷ್ಣಮಠದಲ್ಲಿ ಕನಕನ ಕಿಂಡಿಯ ಮುಂದೆ ಅತ್ತೆ ನಿಂತದ್ದೇ ನಿಂತದ್ದು. ಕನಕದಾಸರು ನಮ್ಮ ಕಡೆಯವರೇ ಅನ್ನುವ ಧಾಟಿಯಲ್ಲಿ ಪಕ್ಕದವರೊಂದಿಗೆ ಮಾತು ಬೇರೆ.

ಊಟದ ವಿಷಯ. ಕರಾವಳಿಯ ಕುಚ್ಚಲಕ್ಕಿ ಅನ್ನವನ್ನು ಅತ್ತೆ ಬೆರಳಲ್ಲಿ ಒತ್ತಿ ನೋಡಿ "ಇದು ಬೆಂದಿಲ್ಲ" ಎಂದು ತಟ್ಟೆ ಸರಿಸಿದರು. ಸೋನಾ ಮಸೂರಿ ಬೆಳೆಯುವ ಮನೆಯ ನಾಲಿಗೆ! ಹೋಟೆಲಿನಲ್ಲಿ "ಬೆಳ್ತಿಗೆ ಅನ್ನ" ಎಂದು ಕೇಳಿ, ಬಿಳಿ ಅನ್ನ ಕೊಡುತ್ತಾರೆ. ಮನೆಯಿಂದ ಒಯ್ದ ಕಟಕ್ ರೊಟ್ಟಿ ಕಡಲ ಗಾಳಿಗೆ ಮೂರನೆಯ ದಿನವೇ ಮೆತ್ತಗಾಗಿ ತಿನ್ನಲಾಗದಂತಾಯಿತು. ಐವತ್ತು ರೊಟ್ಟಿ ಬಡಿದ ಕೈ ನನ್ನದು, ಹೊಟ್ಟೆ ಉರಿಯಿತು. ಒಯ್ಯುವುದಾದರೆ ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ. ಶೇಂಗಾ ಚಟ್ನಿಪುಡಿ ಮಾತ್ರ ಕೊನೆಯವರೆಗೂ ಕೈಹಿಡಿಯಿತು. ಒಗೆದ ಬಟ್ಟೆಯೂ ಅಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ, ಎರಡು ಜೊತೆ ಹೆಚ್ಚಿಗೆ ಇರಲಿ.

ಇನ್ನು ನಮ್ಮ ದೊಡ್ಡ ತಪ್ಪು. ಆರನೆಯ ದಿನ ಮಂಗಳೂರು ನೋಡಿಕೊಂಡು ಸಂಜೆಗೆ ಕುದುರೆಮುಖ ದಾಟಿ ಕಳಸ ಸೇರುವುದೆಂದಿತ್ತು. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಗಳ ತುಂಬ ಇರುವ ಚಿತ್ರಗಳನ್ನು ನೋಡುತ್ತ ಕತ್ತು ನೋಯಿಸಿಕೊಂಡೆವು. ಆಮೇಲೆ ಗಡ್‌ಬಡ್ ಐಸ್‌ಕ್ರೀಮು, ಆಮೇಲೆ ಪಣಂಬೂರು. ಕಾರ್ಕಳ, ಬಜಗೋಳಿ ದಾಟಿ ಮಾಳದ ಅರಣ್ಯ ತಪಾಸಣಾ ಗೇಟಿಗೆ ಬಂದಾಗ ಆರು ಗಂಟೆ ಇಪ್ಪತ್ತು ನಿಮಿಷ. ಸಂಜೆ ಆರರ ನಂತರ ಪ್ರವಾಸಿ ವಾಹನ ಬಿಡುವುದಿಲ್ಲ ಎಂದರು. ಯಜಮಾನರು ವಾದ ಮಾಡಿದರು, ಅತ್ತೆಯ ವಯಸ್ಸು ಹೇಳಿದರು, ಮಕ್ಕಳನ್ನು ತೋರಿಸಿದರು. ಗೇಟಿನವರು ಸಭ್ಯರಾಗಿಯೇ ಇಲ್ಲ ಎಂದರು. ತಪ್ಪು ನಮ್ಮದೇ. ಕಾರ್ಕಳಕ್ಕೆ ಮರಳಿ ಸಿಕ್ಕ ಲಾಡ್ಜಿನಲ್ಲಿ ಮಲಗಿದೆವು. ಕಳಸದ ಕೋಣೆಯ ಬಾಡಿಗೆ ಹೋಯಿತು, ಬದಲಿಗೆ ಬೆಳಿಗ್ಗೆ ಬೆಟ್ಟದ ಮೇಲಿನ ಬಾಹುಬಲಿ ಸಿಕ್ಕ. 42 ಅಡಿ, 1432ರಲ್ಲಿ ನಿಲ್ಲಿಸಿದ್ದು. ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಕುದುರೆಮುಖಕ್ಕೆ ಹೋಗುವವರು ಮಧ್ಯಾಹ್ನದೊಳಗೆ ಗೇಟು ತಲುಪಿ. ಒಳಹೋಗುವಾಗ ಸಮಯ ಬರೆದ ಚೀಟಿ ಕೊಡುತ್ತಾರೆ. ಅಷ್ಟರೊಳಗೆ ಆ ಕಡೆಯ ಗೇಟು ದಾಟಬೇಕು, ಕಂಡಲ್ಲೆಲ್ಲ ನಿಲ್ಲಿಸುವಂತಿಲ್ಲ. ಕಾರ್ಕಳದಲ್ಲೇ ಡೀಸೆಲ್ ತುಂಬಿಸಿ, ನಗದು ಇಟ್ಟುಕೊಳ್ಳಿ, ಮೇಲೆ ಮೊಬೈಲ್ ಸಂಪರ್ಕ ಸಿಗುವುದು ಅಪರೂಪ. ಶಿಖರಕ್ಕೆ ಚಾರಣ ಮಾಡುವವರು ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಮೂಲಕ ಮೊದಲೇ ಕಾಯ್ದಿರಿಸಬೇಕು. ಘಟ್ಟದ ನೆತ್ತಿಯ ಎಸ್.ಕೆ. (ಸೌತ್ ಕೆನರಾ) ಬಾರ್ಡರಿನಲ್ಲಿ ರಸ್ತೆ ಒಡೆಯುತ್ತದೆ. ಒಂದು ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೂಲಕ ಕಳಸಕ್ಕೆ. ಸಮಯವಿದ್ದರೆ ಎರಡನೆಯದು. ರಸ್ತೆ ಬದಿಯಲ್ಲೇ ಕಡಾಂಬಿ ಜಲಪಾತವಿದೆ. ಕಣಿವೆಗಳಲ್ಲಿ ಶೋಲಾ ಕಾಡು, ಮೇಲೆ ಬೋಳು ಹುಲ್ಲುಗುಡ್ಡ. ಬೋಳುಗುಡ್ಡ ನಮಗೆ ಹೊಸದಲ್ಲ, ಹಸಿರು ಬೋಳುಗುಡ್ಡ ಹೊಸದು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಈ ಗುಡ್ಡಗಳಲ್ಲೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಗಾಗಿ ಕಟ್ಟಿದ ಊರಿನಲ್ಲಿ ಈಗ ಬೀಗ ಹಾಕಿದ ಕ್ವಾರ್ಟರ್ಸ್‌ಗಳ ಸಾಲು, ಅಂಗಳದಲ್ಲಿ ಎದೆಯುದ್ದ ಹುಲ್ಲು. ಸಂಡೂರಿನ ಕೆಂಪು ಧೂಳಿನಲ್ಲಿ ಲಾರಿಗಳ ಹಿಂದೆ ಬಸ್ಸಿನಲ್ಲಿ ಓಡಾಡಿದವಳು ನಾನು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಕಾಡಿನೊಳಗಿದೆ. ಅನುಮತಿಯಿಲ್ಲದೆ ಹೋಗುವಂತಿಲ್ಲ, ನಾವೂ ಹೋಗಲಿಲ್ಲ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಉಳಿದೆರಡು ಸುತ್ತು ಬಳಸಿ ನಮ್ಮ ತುಂಗಭದ್ರಾ ಎಡದಂಡೆ ನಾಲೆಗೆ ಬರುತ್ತವೆ. ಕಳಸದಲ್ಲಿ ಭದ್ರೆಯ ದಡದ ಹೋಮ್‌ಸ್ಟೇಯಲ್ಲಿ ಉಳಿದೆವು. ಮೈದುನನ ಕಾಲಿಗೆ ಇಂಬಳ (ಜಿಗಣೆ) ಹತ್ತಿ ಮನೆಯೆಲ್ಲ ಗದ್ದಲ. ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಮರುದಿನ ಶೃಂಗೇರಿಯಲ್ಲಿ ತುಂಗೆ. 1346ರಲ್ಲಿ ವಿಜಯನಗರದ ಹರಿಹರ ತನ್ನ ತಮ್ಮಂದಿರೊಡನೆ ಇಲ್ಲಿಗೆ ಬಂದು ಮಠಕ್ಕೆ ಭೂಮಿ ಕೊಟ್ಟ ಶಾಸನವಿದೆ. ಅವರ ಆನೆಗೊಂದಿ ನಮ್ಮ ಊರಿನ ಪಕ್ಕದ್ದು. ಅವರು ಕುದುರೆಯ ಮೇಲೆ ಎಷ್ಟು ದಿನ ತೆಗೆದುಕೊಂಡಿರಬಹುದು ಎಂದು ಮಗ ಕೇಳಿದ. ಅಪ್ಪನಿಗಿಂತ ಹೆಚ್ಚು ಸಮಯ ಇಟ್ಟುಕೊಂಡಿದ್ದರು ಎಂದೆ.

ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಬಂದು ಉಳಿದು, ಬೆಳಿಗ್ಗೆ ಕೂಡಲಿಗೆ ಹೋದೆವು. ತುಂಗೆಯೂ ಭದ್ರೆಯೂ ಸೇರುವ ಜಾಗ. ದೊಡ್ಡ ಜಾತ್ರೆಯ ಸ್ಥಳವೇನೋ ಎಂದುಕೊಂಡಿದ್ದರೆ, ಹಳೆಯ ಗುಡಿಗಳು, ಮೆಟ್ಟಿಲು, ಬಟ್ಟೆ ಒಗೆಯುವ ಇಬ್ಬರು. ಅಲ್ಲಿಂದ ಹೊನ್ನಾಳಿ, ಹರಿಹರ, ಹರಪನಹಳ್ಳಿ, ಹೊಸಪೇಟೆ. ಹರಿಹರದವರೆಗೆ ನದಿ ಆಗಾಗ ಕಾಣಿಸಿಕೊಳ್ಳುತ್ತದೆ.

ಒಟ್ಟು 1,200 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಡೀಸೆಲ್ಲಿಗೆ ಏಳು ಸಾವಿರದ ಹತ್ತಿರ, ಕೋಣೆಗಳಿಗೆ ರಾತ್ರಿಗೆ ಎರಡರಿಂದ ಮೂರು ಸಾವಿರ, ಊಟ, ಟೋಲ್ ಎಲ್ಲ ಸೇರಿ ಆರು ಜನಕ್ಕೆ ನಲವತ್ತೈದು ಸಾವಿರ ಖರ್ಚಾಯಿತು. ಕಾರಿಲ್ಲದವರು ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಮಡಗಾಂವಿಗೆ ಹೋಗಿ, ಅಲ್ಲಿಂದ ಕೊಂಕಣ ರೈಲಿನಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಊರೂರು ಇಳಿಯುತ್ತ ಬರಬಹುದು. ದೂಧಸಾಗರ ದಾರಿಯಲ್ಲೇ ಕಾಣುತ್ತದೆ. ರೈಲು ದಿನವೂ ಇಲ್ಲ, ದಿನ ನೋಡಿ ಟಿಕೆಟ್ ಮಾಡಿಸಿ. ಇನ್ನೂ ಬಾರದ ಹುಬ್ಬಳ್ಳಿ–ಅಂಕೋಲಾ ರೈಲನ್ನು ಕಾಯುತ್ತೇನೆ ಎನ್ನುವವರಿಗೆ ನನ್ನ ಬಳಿ ಸಲಹೆ ಇಲ್ಲ.

ಮನೆಗೆ ಬಂದ ಮರುದಿನ ಯಜಮಾನರು ಫ್ರಿಜ್ಜಿನ ಮೇಲಿನ ಹಳೆಯ ಹಾಳೆ ಕಿತ್ತು ಹೊಸದು ಅಂಟಿಸಿದರು: ದಾಂಡೇಲಿ, ಯಾಣ, ಜೋಗ, ನಾಲ್ಕು ದಿನ. ಅತ್ತೆ ಮೊಮ್ಮಗನಿಂದ ಅದನ್ನು ಓದಿಸಿಕೊಂಡು, ಪೆನ್ನು ಕೊಟ್ಟು ಏಳು ಎಂದು ತಿದ್ದಿಸಿದರು.