ಆಫೀಸಿಗಿ ಬಿಸಿಲು ಬರಂಗಿಲ್ರಿ

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದ್ದು ವಾಚನಾಲಯದ ಅಟೆಂಡರ್ ಅಕ್ಕ. ಹೇಳಿಸಿಕೊಂಡವರು ಸೆಕ್ರೆಟರಿ ಸಾಹೇಬರು. ನಡುವೆ ನಾನು, ಕೈಯಲ್ಲಿ ಗಾಜಿನ ಸ್ಯಾಂಪಲ್ ಹಿಡಿದುಕೊಂಡು.

ಕಲಬುರಗಿಯಲ್ಲಿ ಪಿಎಸ್ಐ, ಕೆಪಿಎಸ್‌ಸಿ ಅಂತ ಓದುವ ಹುಡುಗ ಹುಡುಗಿಯರಿಗೆ ಒಂದು ಟ್ರಸ್ಟ್ ಹೊಸ ಹಾಲ್ ಕಟ್ಟಿಸುತ್ತಿದೆ. ಸೈಟು ಇದ್ದ ಹಾಗೆ ಕಟ್ಟಡ, ಹಾಗಾಗಿ ದೊಡ್ಡ ಕಿಟಕಿ ಪಶ್ಚಿಮಕ್ಕೆ ಬಿದ್ದಿದೆ. ನಮ್ಮ ಮೇ ತಿಂಗಳ ಸಂಜೆ ಬಿಸಿಲಿನ ಬಗ್ಗೆ ಏನು ಹೇಳೋದು. ಪರದೆ ಎಳೆದರೆ ಹಗಲಲ್ಲೇ ಟ್ಯೂಬ್‌ಲೈಟ್ ಬೇಕು. ದಾನಿಯೊಬ್ಬರು ಹೊರದೇಶದಲ್ಲಿ ಬಣ್ಣ ಬದಲಿಸುವ ಗಾಜು ನೋಡಿ ಬಂದಿದ್ದರು, ನಮ್ಮಲ್ಲೂ ಅದೇ ಆಗಲಿ ಅಂದರು. ಕೆಲಸ ನನ್ನ ಪಾಲಿಗೆ ಬಂತು.

ಈ ಗಾಜಿಗೆ ಟಂಗ್‌ಸ್ಟನ್ ಆಕ್ಸೈಡಿನ ತೆಳು ಲೇಪ ಇರುತ್ತದೆ. ಐದು ವೋಲ್ಟ್‌ಗಿಂತ ಕಡಿಮೆ ಡಿಸಿ ಕರೆಂಟ್ ಕೊಟ್ಟರೆ ಸಾಕು, ಲಿಥಿಯಂ ಅಯಾನುಗಳು ಲೇಪದೊಳಗೆ ಹೊಕ್ಕು ಗಾಜು ನೀಲಿಗಪ್ಪಾಗುತ್ತದೆ. ಕರೆಂಟ್ ಉಲ್ಟಾ ಕೊಟ್ಟರೆ ಮತ್ತೆ ತಿಳಿ. ಎಸ್.ಕೆ. ದೇಬ್ ಎಂಬ ವಿಜ್ಞಾನಿ ಈ ಗುಣದ ಬಗ್ಗೆ 1969ರಲ್ಲೇ ಬರೆದಿದ್ದರು. ತಿಳಿಯಾಗಿದ್ದಾಗ ಸುಮಾರು ಶೇ. 60ರಷ್ಟು ಬೆಳಕು ಒಳಗೆ ಬರುತ್ತದೆ, ಪೂರ್ತಿ ಕಪ್ಪಾದರೆ ಶೇ. 1 ಅಷ್ಟೇ. ತೊಂದರೆ ಏನೆಂದರೆ, ಇಡೀ ಕಿಟಕಿ ಕಪ್ಪಾದರೆ ಪುಸ್ತಕದ ಹಾಳೆಯೂ ನೀಲಿಯಾಗಿ ಕಾಣುತ್ತದೆ. ಅದಕ್ಕೇ ಗಾಜನ್ನು ಭಾಗ ಮಾಡುವುದು. ಕರೆಂಟ್ ಹರಿಯುವ ಪಾರದರ್ಶಕ ಪದರವನ್ನು ಲೇಸರ್‌ನಿಂದ ಸಣ್ಣ ಗೆರೆಯಲ್ಲಿ ಕೊಯ್ದು, ಪ್ರತಿ ಭಾಗಕ್ಕೂ ಬೇರೆ ವೈರ್ ಕೊಡುತ್ತಾರೆ. ಸೂರ್ಯ ಕಣ್ಣಿಗೆ ಹೊಡೆಯುವ ಭಾಗ ಮಾತ್ರ ಕಪ್ಪು, ಉಳಿದದ್ದು ತಿಳಿ. ಒಳಗಿನ ಬೆಳಕು ಬೆಳ್ಳಗೇ ಉಳಿಯುತ್ತದೆ.

ನಾನು ಕಿಟಕಿಯನ್ನು ಮೇಲೆ, ನಡುವೆ, ಕೆಳಗೆ ಅಂತ ಮೂರು ಪಟ್ಟಿ ಮಾಡಿದ್ದೆ. ಸ್ಯಾಂಪಲ್ ತುಂಡಿನ ಮೇಲಿನ ಪಟ್ಟಿ ನಿಧಾನವಾಗಿ ಕಪ್ಪಾಗುವುದನ್ನು ತೋರಿಸುತ್ತಿದ್ದೆ. ಎಲ್ಲರೂ ವ್ಹಾ ಅಂದರು. ಅಕ್ಕ ಪೊರಕೆ ಗೋಡೆಗೆ ಒರಗಿಸಿ ಬಂದು ನೋಡಿದಳು.

"ಸರ, ಇದರ ಬಟನ್ ಯಾರ ಕೈಯಾಗ ಇರ್ತದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸೆಕ್ರೆಟರಿ ಹೇಳಿದರು, "ಆಫೀಸಿನ್ಯಾಗ ಇಡ್ತೀವಿ. ಹುಡುಗರ ಕೈಯಾಗ ಕೊಟ್ರ ಆಟ ಆಡ್ತಾರ."

"ಆಫೀಸಿಗಿ ಬಿಸಿಲು ಬರಂಗಿಲ್ರಿ ಸಾಹೇಬ್ರ."

ಅಷ್ಟೇ. ಆಫೀಸ್ ಇರುವುದು ಪೂರ್ವಕ್ಕೆ, ಅದಕ್ಕೆ ಎಸಿ ಬೇರೆ. ಸಾಹೇಬರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಕೆಟ್ಟವರೇನಲ್ಲ, ಓಡಾಡಿ ದುಡ್ಡು ಕೂಡಿಸಿದವರೇ ಅವರು. ಆದರೆ ಫ್ಯಾನಿನ ರೆಗ್ಯುಲೇಟರಿಗೂ ಟೇಪ್ ಸುತ್ತಿಸುವ ಜಾತಿಯ ಮನುಷ್ಯ. ಜೊತೆಗಿದ್ದ ಆರ್ಕಿಟೆಕ್ಟ್, "ಸೆನ್ಸರ್ ಹಾಕಿದರೆ ಬಟನ್ನೇ ಬೇಡ, ಟೆರೇಸ್ ಮೇಲೆ ಕೂರಿಸೋಣ" ಅಂದ. ಚುರುಕು ಹುಡುಗ. ಸಂಜೆ ಐದರ ಮೇಲೆ ಸೈಟಿಗೆ ಬಂದಿದ್ದನ್ನು ಮಾತ್ರ ನಾನು ನೋಡಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ಮೇ ತಿಂಗಳಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಐದೂವರೆಗೆ 16 ಡಿಗ್ರಿ ಆಸುಪಾಸು. ಕೂತವರ ಕಣ್ಣು ನೆಲದಿಂದ ನಾಲ್ಕು ಅಡಿ ಅಂದುಕೊಳ್ಳಿ. ಕಿಟಕಿಯಿಂದ ಆರು ಅಡಿ ದೂರ ಕೂತ ಹುಡುಗಿಗೆ ನಾಲ್ಕೂವರೆಗೆ ಬಿಸಿಲು ಏಳೂವರೆ ಅಡಿ ಎತ್ತರದಿಂದ ಬರುತ್ತದೆ, ಅಂದರೆ ಮೇಲಿನ ಪಟ್ಟಿ. ಐದೂವರೆಗೆ ಆರು ಅಡಿಯಿಂದ, ಅಂದರೆ ನಡುವಿನ ಪಟ್ಟಿ. ಅದೇ ಐದೂವರೆಗೆ ಹನ್ನೆರಡು ಅಡಿ ಹಿಂದೆ ಕೂತವನಿಗೆ? ಏಳೂವರೆ ಅಡಿ. ಮತ್ತೆ ಮೇಲಿನ ಪಟ್ಟಿ! ಒಂದೇ ಹೊತ್ತು, ಒಂದೇ ಸೂರ್ಯ, ಇಬ್ಬರಿಗೆ ಬೇರೆ ಬೇರೆ ಪಟ್ಟಿ ಕಪ್ಪಾಗಬೇಕು. ಟೆರೇಸ್ ಮೇಲಿನ ಸೆನ್ಸರ್‌ಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಯಾವ ಕುರ್ಚಿಯಲ್ಲೂ ಕೂತಿಲ್ಲವಲ್ಲ.

ಆಫೀಸಿಗೆ ಹೋಗಿ ಹೇಳಿ ಹಾಕಿಸಿಕೊಳ್ಳಲಿ ಅಂದರೆ ಅದೂ ನಡೆಯಲ್ಲ. ದೊಡ್ಡ ಗಾಜು ಪೂರ್ತಿ ಕಪ್ಪಾಗಲು ಹತ್ತು-ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಸೂರ್ಯ ಐದು ಡಿಗ್ರಿಯಷ್ಟು ಇಳಿದಿರುತ್ತಾನೆ. ಹುಡುಗಿ ಎದ್ದು, ಆಫೀಸಿನ ಬಾಗಿಲಲ್ಲಿ ನಿಂತು, ಸಾಹೇಬರ ಫೋನ್ ಮುಗಿಯುವವರೆಗೆ ಕಾದು, ಹೇಳಿ ಬರುವಷ್ಟರಲ್ಲಿ ಬಿಸಿಲು ಮುಂದಿನ ಪಟ್ಟಿಗೆ ಜಾರಿರುತ್ತದೆ. ಸುಮ್ನೆ ತಲೆಗೆ ದುಪಟ್ಟಾ ಹೊದ್ದು ಓದುತ್ತಾಳೆ, ಈಗ ಹಳೇ ಹಾಲ್‌ನಲ್ಲಿ ಓದುತ್ತಿರುವ ಹಾಗೆ.

ನಮ್ಮ ಕೋಟೆಯ ಜಾಮಿಯಾ ಮಸೀದಿ ನೆನಪಾಯಿತು. 1367ರಲ್ಲಿ ಕಟ್ಟಿದ್ದು. ಬೇರೆ ಮಸೀದಿಗಳಂತೆ ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಮುಚ್ಚಿದ ಸೂರು. ಬೆಳಕು ಪಕ್ಕದ ಕಮಾನುಗಳಿಂದ ಬರುತ್ತದೆ. ಕಣ್ಣಿಗೆ ಬಿಸಿಲು ಬಿದ್ದರೆ ಒಂದು ಕಂಬ ಆಚೆ ಸರಿದರಾಯಿತು, ಯಾರನ್ನೂ ಕೇಳಬೇಕಿಲ್ಲ. ಈ ಹಾಲ್‌ನಲ್ಲಿ ಹಾಗಾಗದು. ಇಲ್ಲಿ ಕುರ್ಚಿಗೆ ನಂಬರ್ ಇದೆ, ತಿಂಗಳ ಫೀಸಿಗೆ ರಸೀದಿ ಇದೆ. ಸರಿಯಲು ಬಿಡದಿದ್ದ ಮೇಲೆ ಬಟನ್ನಾದರೂ ಕೊಡಬೇಕು, ಅಲ್ವಾ? ಹುಡುಗರು ಆಟ ಆಡುತ್ತಾರಂತೆ. ಆಡಲಿ ಬಿಡಿ. ಎರಡು ದಿನ ಆಡುತ್ತಾರೆ. ಆಮೇಲೆ ಅವರವರೇ ಜಗಳವಾಡಿ ಒಂದು ಪದ್ಧತಿ ಮಾಡಿಕೊಳ್ಳುತ್ತಾರೆ. ಪರೀಕ್ಷೆ ಬರೆದು ಪೊಲೀಸ್ ಸ್ಟೇಷನ್ ನಡೆಸಲು ಹೊರಟವರಿಗೆ ಕಿಟಕಿ ನಡೆಸಲು ಬರಲ್ಲ ಅಂದರೆ ಹೇಗೆ?

ಹೊಸ ನಕ್ಷೆ ಕಳಿಸಿದ್ದೇನೆ. ಪಟ್ಟಿಗಳನ್ನು ಮೇಲಿಂದ ಕೆಳಕ್ಕೂ ಸೀಳಿ, ಟೇಬಲ್ ಸಾಲಿಗೊಂದು ಗಾಜಿನ ಭಾಗ, ಭಾಗಕ್ಕೊಂದು ಬಟನ್. ವೈರು ಜಾಸ್ತಿ, ಖರ್ಚೂ ಜಾಸ್ತಿ. ಕರೆಂಟ್ ಹೋದರೂ ಗಾಜು ಸ್ವಲ್ಪ ಹೊತ್ತು ಇದ್ದ ಬಣ್ಣದಲ್ಲೇ ಇರುತ್ತದೆ ಅಂತಲೂ ಬರೆದಿದ್ದೇನೆ, ಇಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ.

ನಿನ್ನೆ ಸೆಕ್ರೆಟರಿಯವರ ವಾಟ್ಸಾಪ್ ಬಂತು. ನಕ್ಷೆ ಚೆನ್ನಾಗಿದೆಯಂತೆ. ಬಟನ್‌ಗಳ ಮೇಲೆ ಕೀಲಿ ಹಾಕುವ ಡಬ್ಬಿ ಕೂರಿಸಬಹುದಾ ಅಂತ ಕೇಳಿದ್ದಾರೆ. ಕೂರಿಸಬಹುದು, ಕೀಲಿಕೈ ಅಟೆಂಡರ್ ಅಕ್ಕನ ಹತ್ತಿರ ಇರುವುದಾದರೆ ಅಂತ ಬರೆದೆ. ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.