ಲಂಡನ್ ಬಿಟ್ಟು ಹಳ್ಳಿಯ ಪಬ್ಬಿಗೇಕೆ ಹೋಗುತ್ತೀರಿ?

ಇಂಗ್ಲೆಂಡಿಗೆ ಹೋದರೂ ಲಂಡನ್ನಿನಲ್ಲಿ ನಿಲ್ಲದೆ, ಕಾರೂ ಇಲ್ಲದೆ, ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಇಳಿದು ಹಳ್ಳಿಯ ಪಬ್ಬುಗಳನ್ನು ಹುಡುಕಿಕೊಂಡು ಅಲೆಯುವುದೇಕೆ ಎಂದು ನನ್ನನ್ನು ಕೇಳದ ನೆಂಟರಿಲ್ಲ. ಊರಿನಲ್ಲಿ ಯಾರ ಪರಿಚಯವೂ ಇಲ್ಲದವನು ಸಂಕೋಚವಿಲ್ಲದೆ ಹೋಗಿ ಕೂರಬಹುದಾದ ಜಾಗ ಅಲ್ಲಿ ಪಬ್ಬು. ಅಲ್ಲಿಗೆ ಕಾರಿಲ್ಲದವನನ್ನು ಸಲೀಸಾಗಿ ತಲುಪಿಸುವುದು, ಅಳಿದುಳಿದ ಕವಲು ರೈಲುಮಾರ್ಗ. ಇದೇ ನನ್ನ ಉತ್ತರ.

ಇಂಗ್ಲೆಂಡಿನ ನೈರುತ್ಯ ಮೂಲೆಯ ಪ್ಲಿಮತ್ ನಗರದಿಂದ ಗನಿಸ್‌ಲೇಕ್ ಎಂಬ ಹಳ್ಳಿಗೆ ಹೋಗುವ, ಟೇಮರ್ ನದಿಯ ಕಣಿವೆಯ ಮಾರ್ಗವನ್ನೇ ನೋಡಿ. ರೈಲ್ವೆಯ ನಷ್ಟ ತಗ್ಗಿಸಲು ಅದರ ಅಧ್ಯಕ್ಷರೇ ಬರೆದ 1963ರ ಬೀಚಿಂಗ್ ವರದಿ ಬ್ರಿಟನ್ನಿನ ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ನುಗಳನ್ನು ಮುಚ್ಚಲು ಸೂಚಿಸಿತ್ತು. ಗನಿಸ್‌ಲೇಕಿನಿಂದ ಕ್ಯಾಲಿಂಗ್ಟನ್‌ವರೆಗಿನ ಸೇವೆ 1966ರಲ್ಲಿ, ದಾರಿಯ ನಡುವಿನ ಬೀರ್ ಆಲ್‌ಸ್ಟನ್ನಿನಿಂದ ಟ್ಯಾವಿಸ್ಟಾಕ್ ಕಡೆಗಿನದು 1968ರಲ್ಲಿ ನಿಂತುಹೋಯಿತು. ಉಳಿದ ತುಂಡನ್ನು ಕಾಪಾಡಿದ್ದು ಲಾಭವಲ್ಲ. ನದಿಗಳ ನಡುವೆ ಸಿಕ್ಕಿಕೊಂಡ ಆ ಹಳ್ಳಿಗಳಿಗೆ ಬದಲಿ ಬಸ್ಸು ಓಡಿಸಲು ತಕ್ಕ ರಸ್ತೆಗಳಿರಲಿಲ್ಲ. ಕೆಟ್ಟ ರಸ್ತೆಗಳಿಂದಲೂ ಒಮ್ಮೊಮ್ಮೆ ಉಪಕಾರವಾಗುತ್ತದೆ! ಮುಂದಿನ ಹಳಿ ಇಲ್ಲವಾದ್ದರಿಂದ ಬೀರ್ ಆಲ್‌ಸ್ಟನ್ನಿನಲ್ಲಿ ಚಾಲಕರು ಇಂದಿಗೂ ರೈಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗಿ, ಬಂದ ದಿಕ್ಕಿಗೇ ಹೊರಟು, ಗನಿಸ್‌ಲೇಕಿನ ಕವಲಿಗೆ ತಿರುಗುತ್ತಾರೆ. ಆಮೇಲೆ 1908ರಲ್ಲಿ ಸಂಚಾರಕ್ಕೆ ತೆರೆದ, ಕಾಂಕ್ರೀಟ್ ಇಟ್ಟಿಗೆಗಳಿಂದ ಕಟ್ಟಿದ, ಹನ್ನೆರಡು ಕಮಾನುಗಳ ಸೇತುವೆಯ ಮೇಲೆ ನದಿ ದಾಟಿದರೆ ಡೆವನ್ ಜಿಲ್ಲೆ ಮುಗಿದು ಕಾರ್ನ್‌ವಾಲ್ ಜಿಲ್ಲೆ ಬರುತ್ತದೆ. ಕ್ಯಾಲ್‌ಸ್ಟಾಕ್‌ನಲ್ಲಿ ಇಳಿದು ಇಳಿಜಾರಿನಲ್ಲಿ ನಡೆದರೆ ಹೊಳೆಯ ಬದಿಯಲ್ಲೇ ಟೇಮರ್ ಇನ್ ಎಂಬ ಪಬ್ಬಿದೆ.

ಬೆಂಗಳೂರಿನ ಪಬ್ಬುಗಳ ಕತ್ತಲೆಯನ್ನೂ ಅಬ್ಬರವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳುವವರಿಗೆ ಹಳ್ಳಿಯ ಪಬ್ಬಿನ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಮೇಜಿನ ಬಳಿಗೆ ಯಾರೂ ಬಂದು ಕೇಳುವುದಿಲ್ಲ. ನಾವೇ ಕೌಂಟರಿಗೆ ಹೋಗಿ ಹೇಳಿ, ಹಣ ಕೊಟ್ಟು, ಲೋಟ ಹಿಡಿದುಕೊಂಡು ಬರಬೇಕು. ನೆಲಮಾಳಿಗೆಯ ಪೀಪಾಯಿಯಲ್ಲಿ ಇನ್ನೂ ಹುದುಗುತ್ತಿರುವ ಏಲ್ ಎಂಬ ಬಗೆಯ ಬಿಯರನ್ನು ಕೌಂಟರಿನ ಮೇಲಿನ ಉದ್ದ ಹಿಡಿಯನ್ನು ನಿಧಾನವಾಗಿ ಎಳೆದು ತುಂಬಿಸುತ್ತಾರೆ. ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲಿರುವ ಅದು ತಂಪಾಗಿರುತ್ತದೆಯೇ ಹೊರತು ಹಲ್ಲು ಕೊರೆಯುವುದಿಲ್ಲ. ಕಾರ್ಖಾನೆಯ ಬಿಯರಿನ ಮುಂದೆ ಈ ಪದ್ಧತಿ ಅಳಿಯದಂತೆ 1971ರಲ್ಲಿ ಹುಟ್ಟಿದ ಕಾಮ್ರಾ ಎಂಬ ಗ್ರಾಹಕರ ಸಂಘಟನೆ ಹೋರಾಡಿತು. ಅರ್ಧ ಪಿಂಟ್, ಅಂದರೆ 284 ಮಿಲಿಲೀಟರ್, ಕೇಳಿದರೆ ಸಾಕು. ಏನೂ ಕುಡಿಯದವರು ನಿಂಬೆ ಸೋಡಾ ಹಿಡಿದು ಕೂತರೂ ಯಾರೂ ಹುಬ್ಬೇರಿಸುವುದಿಲ್ಲ.

ಊಟದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹಲವು ಹಳ್ಳಿಗಳ ಪಬ್ಬುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೆ, ರೈಲೋ ಸುಮಾರು ಎರಡು ಗಂಟೆಗೊಂದು. ಆದ್ದರಿಂದ ನಾನು ಎರಡರ ಸಮಯವನ್ನೂ ಮೊದಲೇ ನೋಡಿಕೊಂಡು, ಊಟದ ಹೊತ್ತಿಗೆ ಸರಿಯಾಗಿ ಇಳಿಯುವಂತೆ ಪ್ಲಿಮತ್ ಬಿಡುತ್ತೇನೆ.