ಹಬ್ ಬೇಕೋ, ಮೆನು ಸಾಕೋ?

ಪ್ಲಾಟ್‌ಫಾರ್ಮ್ ಗೇಮ್‌ಗಳಲ್ಲಿ (ಓಡಿ, ಜಿಗಿದು ಮುಂದೆ ಸಾಗುವ ವಿಡಿಯೋ ಗೇಮ್‌ಗಳು) ಲೆವೆಲ್‌ಗಳ ನಡುವೆ ಓಡಾಡೋಕೆ ಕೊಡುವ ಜಾಗ, ಅಂದರೆ ಹಬ್ ವರ್ಲ್ಡ್, ಈಗ ದಂಡ ಅನ್ನುವವರು ಬಹಳ. ಮೆನುವಿನಲ್ಲಿ ಎರಡು ಬಟನ್ ಒತ್ತಿದರೆ ಆಗುವ ಕೆಲಸಕ್ಕೆ ಅರ್ಧ ನಿಮಿಷ ಯಾಕೆ ಓಡಬೇಕು? ಎಷ್ಟೋ ಗೇಮ್‌ಗಳ ಮಟ್ಟಿಗೆ ಈ ದೂರು ನ್ಯಾಯವಾದದ್ದೇ. ಪರೀಕ್ಷೆ ಸುಲಭ: ಹಬ್ ತೆಗೆದು ಅಲ್ಲಿ ಮೆನು ಇಟ್ಟರೆ ಏನು ಕಳೆದುಹೋಗುತ್ತದೆ ಅಂತ ನೋಡಿ.

1996ರ ಸೂಪರ್ ಮಾರಿಯೋ 64ರಲ್ಲಿ ತುಂಬಾ ಕಳೆದುಹೋಗುತ್ತದೆ. ಅಲ್ಲಿ ಹಬ್ ಅಂದರೆ ಒಂದು ಕೋಟೆ, ಗೋಡೆಯ ಚಿತ್ರಗಳೊಳಗೆ ಹಾರಿದರೆ ಲೆವೆಲ್. ಕೋಟೆಯ ಮುಂದಿನ ಅಂಗಳದಲ್ಲಿ ಶತ್ರುಗಳೇ ಇಲ್ಲ. ಮರ, ಇಳಿಜಾರು, ಕಂದಕದ ನೀರು ಅಷ್ಟೇ. ಅನಲಾಗ್ ಸ್ಟಿಕ್ (ಎಲ್ಲ ದಿಕ್ಕಿಗೂ ವಾಲುವ ಕಂಟ್ರೋಲರ್ ಕಡ್ಡಿ) ಹೊಸದಾಗಿದ್ದ ಕಾಲದಲ್ಲಿ ಓಟ, ಜಿಗಿತ, ಈಜು ಕಲಿಯೋಕೆ ಅದೇ ಅಭ್ಯಾಸದ ಮೈದಾನ. ಮೇಲಿನ ಮಹಡಿಯ ಗಡಿಯಾರ ಇನ್ನೂ ಸೊಗಸು. ನಿಮಿಷದ ಮುಳ್ಳು 12ರಲ್ಲಿದ್ದಾಗ ಒಳಗೆ ಹಾರಿದರೆ ಲೆವೆಲ್‌ನ ಯಂತ್ರಗಳೆಲ್ಲ ನಿಂತಿರುತ್ತವೆ, 3ರಲ್ಲಿದ್ದರೆ ನಿಧಾನ, 9ರಲ್ಲಿದ್ದರೆ ಜೋರು, 6ರಲ್ಲಿದ್ದರೆ ಅಡ್ಡಾದಿಡ್ಡಿ. ವೆಟ್-ಡ್ರೈ ವರ್ಲ್ಡ್ ಅನ್ನುವ ಲೆವೆಲ್‌ನ ಚಿತ್ರಕ್ಕೆ ಎಷ್ಟು ಎತ್ತರದಲ್ಲಿ ಹಾರುತ್ತೀರೋ ಅದರ ಮೇಲೆ ಒಳಗಿನ ನೀರಿನ ಮಟ್ಟ. ಮೆನುವಿನಲ್ಲಿ ‘ವೇಗ’ ಅಂತ ಒಂದು ಆಯ್ಕೆ ಇಟ್ಟೂ ಇದನ್ನು ಮಾಡಬಹುದಿತ್ತು, ಆದರೆ ಆಗ ಆಟಗಾರ ತಾನೇ ಕಂಡುಹಿಡಿಯೋಕೆ ಏನು ಉಳಿಯಿತು?

2019ರ ಯೂಕಾ-ಲೇಲೀ ಅಂಡ್ ದಿ ಇಂಪಾಸಿಬಲ್ ಲೇರ್ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಅದರ ಲೆವೆಲ್‌ಗಳು ಹಬ್‌ನಲ್ಲಿ ಪುಸ್ತಕಗಳಾಗಿ ಬಿದ್ದಿರುತ್ತವೆ. ಉದಾಹರಣೆಗೆ, ಒಂದು ಪುಸ್ತಕವನ್ನು ಹೆಪ್ಪುಗಟ್ಟಿಸಿದರೆ ಒಳಗಿನ ಲೆವೆಲ್ಲೂ ಹಿಮ ಹಿಡಿದು, ಬೇರೆ ದಾರಿಗಳ ಎರಡನೇ ರೂಪ ತಾಳುತ್ತದೆ. ಹೀಗೆ 20 ಲೆವೆಲ್‌ಗಳು 40 ಆಗುತ್ತವೆ. ನನ್ನ ಲೆಕ್ಕದಲ್ಲಿ ಇತ್ತೀಚಿನ ಹಬ್‌ಗಳಲ್ಲಿ ಇದಕ್ಕಿಂತ ಒಳ್ಳೆಯ ಐಡಿಯಾ ಇಲ್ಲ.

ಹಬ್ ಕೆಡೋದು ಹೆಚ್ಚಾಗಿ ಬೀಗದ ಲೆಕ್ಕದಲ್ಲಿ, ಅಂದರೆ ಬಾಗಿಲು ತೆರೆಯೋಕೆ ಲೆವೆಲ್‌ಗಳಲ್ಲಿ ಎಷ್ಟು ವಸ್ತು ಕೂಡಿಸಬೇಕು ಅನ್ನುವುದರಲ್ಲಿ. ಮಾರಿಯೋ 64ರಲ್ಲಿ ಕೊನೆಯ ಬಾಗಿಲಿಗೆ 120ರಲ್ಲಿ 70 ಸ್ಟಾರ್ ಸಾಕು. ಇಷ್ಟವಿಲ್ಲದ ಲೆವೆಲ್ ಬಿಟ್ಟುಬಿಡಬಹುದು. 1998ರ ಬ್ಯಾಂಜೋ-ಕಜೂಯಿಯಲ್ಲಿ ಕೊನೆಯ ಶತ್ರುವಿನತ್ತ ಹೋಗುವ ಬಾಗಿಲಿಗೆ 900ರಲ್ಲಿ 810 ನೋಟ್ (ಸಂಗೀತದ ಸ್ವರಗಳು) ಬೇಕು, ಅಂದರೆ ಶೇ. 90. ಸಾಲದ್ದಕ್ಕೆ ಮೂಲ ಆವೃತ್ತಿಯಲ್ಲಿ ಲೆವೆಲ್‌ನಲ್ಲಿ ಸತ್ತರೆ ಅಲ್ಲಿನ ನೋಟ್ ಎಣಿಕೆ ಸೊನ್ನೆಗೆ ಇಳಿಯುತ್ತಿತ್ತು, ಉಳಿಯುತ್ತಿದ್ದದ್ದು ಹಿಂದಿನ ಅತಿ ಹೆಚ್ಚಿನ ಅಂಕ ಮಾತ್ರ. 2008ರ ಎಕ್ಸ್‌ಬಾಕ್ಸ್ ಆವೃತ್ತಿ ಇದನ್ನು ಸರಿಮಾಡಿತು. ಅಲ್ಲಿನ ಹಬ್ ಮಾತ್ರ ಚೆನ್ನಾಗಿಯೇ ಇದೆ: ಯಾವ ಲೋಕದ ಬಾಗಿಲ ಹತ್ತಿರ ಹೋದರೆ ಆ ಲೋಕಕ್ಕೆ ತಕ್ಕ ವಾದ್ಯಗಳಿಗೆ ಸಂಗೀತ ಹೊರಳುತ್ತದೆ.

ಇನ್ನೊಂದು ತೊಂದರೆ ವಾಪಸಾತಿ. ಮಾರಿಯೋ 64 ಬಹುತೇಕ ಪ್ರತಿ ಸ್ಟಾರ್ ಸಿಕ್ಕ ಕೂಡಲೇ ಕೋಟೆಗೆ ಎತ್ತಿ ಹಾಕುತ್ತದೆ. 2017ರ ಸೂಪರ್ ಮಾರಿಯೋ ಒಡಿಸ್ಸಿಯಲ್ಲಿ ಸ್ಟಾರ್ ಬದಲಿನ ಮೂನ್ ಸಿಕ್ಕರೂ ಆಟ ಅಲ್ಲೇ ಮುಂದುವರಿಯುತ್ತದೆ. ಇವತ್ತು ಹಬ್ ಕಟ್ಟುವವರು ಮೊದಲು ಸೋತವನನ್ನು ಹಬ್‌ಗೆ ಕಳಿಸೋದು ಬಿಡಬೇಕು, ಲೆವೆಲ್‌ನಲ್ಲಿ ಕೊನೆಗೆ ದಾಟಿದ ಚೆಕ್‌ಪಾಯಿಂಟ್‌ಗೇ ಕಳಿಸಬೇಕು. ಒಮ್ಮೆ ತೆರೆದ ಬಾಗಿಲಿಗೆ ಆಮೇಲೆ ಅಡ್ಡದಾರಿ ಇರಲಿ. ಲೋಡಿಂಗ್ ಮುಚ್ಚಿಡೋಕೆ ಉದ್ದದ ಕಾರಿಡಾರ್ ಹಾಕುವ ಹಳೇ ಉಪಾಯಕ್ಕೆ ಎಸ್‌ಎಸ್‌ಡಿ (ವೇಗದ ಸಂಗ್ರಹ ಸಾಧನ) ಬಂದ ಮೇಲೆ ನೆಪವೇ ಇಲ್ಲ.

ಇಷ್ಟೆಲ್ಲ ಮಾಡುವ ಬಜೆಟ್ ಇಲ್ಲದಿದ್ದರೆ 1997ರ ಕ್ರ್ಯಾಶ್ ಬ್ಯಾಂಡಿಕೂಟ್ 2 ನೋಡಿ: ಚಿಕ್ಕ ಕೋಣೆಗಳು, ಒಂದೊಂದರಲ್ಲಿ ಐದು ಬಾಗಿಲು, ಯಾವ ಬಾಗಿಲಿಗೆ ಹೋದರೂ ನಾಲ್ಕು ಹೆಜ್ಜೆ. ಅದಕ್ಕಿಂತ ದೊಡ್ಡದು ಬೇಕಾದರೆ ಆ ಜಾಗದಲ್ಲಿ ಲೆವೆಲ್ಲನ್ನೇ ಬದಲಿಸುವ ಏನಾದರೂ ಇಡಿ, ಇಲ್ಲದಿದ್ದರೆ ಮೆನುವೇ ವಾಸಿ.